ಗೋಡೆಯಾಚೆಯ ತೆಂಗು

ಮಧುವನಹಳ್ಳಿಯ ಆ ಬೀದಿಯಲ್ಲಿ ನೀರು ಚೆಲ್ಲಿದ ಸೊಸೆಯರಿಗೆಲ್ಲ ಸಿಗುತ್ತಿದ್ದ ಬೈಗುಳ ಒಂದೇ: “ಓಗಿ ಚನ್ನಮಲ್ಲಮ್ಮನ್ನ ನೋಡ್ಕಂಡ್ ಬಾ. ಆವಮ್ಮನ ಮನೇಲಿ ಒಂದ್ ಬಿಂದಿಗೆ ನೀರು ಮೂರ್ ಕೆಲ್ಸ ಮಾಡ್ತದೆ.” ನಿಜವೇ. ಅಕ್ಕಿ ತೊಳೆದ ನೀರು ಎಮ್ಮೆಗೆ, ಪಾತ್ರೆ ತೊಳೆದದ್ದು ಬದನೆಗಿಡಕ್ಕೆ, ಮಿಂದದ್ದು ಹಿತ್ತಿಲ ಗೋಡೆ ಪಕ್ಕದ ಗುಂಡಿಗೆ. ಆದರೆ ಆ ಗುಂಡಿ ತೋಡಿಸಿದ್ದು ಹೊಟ್ಟೆಕಿಚ್ಚು ಎಂಬುದು ಚನ್ನಮಲ್ಲಮ್ಮನಿಗೆ ಮಾತ್ರ ಗೊತ್ತಿತ್ತು.

ಹಿತ್ತಿಲಿನ ತೆಂಗನ್ನು ನೆಟ್ಟವರು ಅತ್ತೆ. ಹೊಸ ಸೊಸೆಯಾಗಿ ಬಂದು, ಬಾವಿಯಿಂದ ಸೇದಿ ಸೇದಿ ಅಂಗೈ ಬೊಬ್ಬೆ ಎಬ್ಬಿಸಿಕೊಂಡು ಅದನ್ನು ಬದುಕಿಸಿದವಳು ಇವಳು. ಮೊದಲ ಹೊಂಬಾಳೆ ಒಡೆಯುವ ಹೊತ್ತಿಗೆ ಅಣ್ಣತಮ್ಮಂದಿರು ಬೇರೆಯಾದರು. ಹಿತ್ತಿಲ ನಡುವೆ ಮಣ್ಣುಗೋಡೆ ಎದ್ದಿತು, ಮರ ವಾರಗಿತ್ತಿ ಶಿವರತ್ನಮ್ಮನ ಪಾಲಾಯಿತು. ಇವಳ ಬಚ್ಚಲ ನೀರು ಇಳಿಜಾರಿನಲ್ಲಿ ಹರಿದು, ಗೋಡೆಯ ತೂತಿನಿಂದ ಆ ಮರದ ಬುಡಕ್ಕೇ ಹೋಗುತ್ತಿತ್ತು. ಚನ್ನಮಲ್ಲಮ್ಮ ತೂತಿಗೆ ಮಣ್ಣು ಮೆತ್ತಿ, ಈಚೆ ಗುಂಡಿ ತೋಡಿ, ಪಕ್ಕದಲ್ಲಿ ತನ್ನದೊಂದು ಸಸಿ ನೆಟ್ಟಳು.

ಇವಳ ಸಸಿ ಮೇಲೇಳಲೇ ಇಲ್ಲ. ಆಚೆಯ ಮರ ಮಳೆಯಿಲ್ಲದ ವರ್ಷವೂ ಗೊನೆ ಗೊನೆ ಇಳಿಬಿಟ್ಟಿತು. ಶಿವರತ್ನಮ್ಮ ಹಬ್ಬಕ್ಕೆ ಕಳಿಸಿದ ಕಾಯಿಯನ್ನು ಇವಳು ಹಾಗೇ ಹಿಂದಕ್ಕೆ ಕಳಿಸಿ, ಕೊಳ್ಳೇಗಾಲದ ಸಂತೆಯಿಂದ ತರಿಸಿದ್ದನ್ನು ಗೋಡೆಯಾಚೆಗೆ ಕೇಳಿಸುವ ಹಾಗೆ ಒಡೆಯುತ್ತಿದ್ದಳು.

ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಗುಂಡಿಯ ಹೂಳು ತೆಗೆಯುವಾಗ ಸನಿಕೆಗೆ ಬೇರಿನ ಕಂತೆ ಸಿಕ್ಕಿತು. ಗೋಡೆಯಡಿಯಿಂದ ನುಸುಳಿ ಬಂದ ತೆಂಗಿನ ಬೇರು, ಜಡೆಯ ಹಾಗೆ ದಪ್ಪ. ಇಷ್ಟು ವರ್ಷ ಕೂಡಿಟ್ಟ ನೀರನ್ನೆಲ್ಲ ಕುಡಿದದ್ದು ಅದೇ. ಉರಿದುಕೊಂಡು ಒಳಗೆ ಹೋಗಿ ಮಚ್ಚು ತಂದಳು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಕಡಿದರೆ ಒಣಗುವುದು ತಾನು ಬದುಕಿಸಿದ ಮರವೇ ತಾನೇ? ಬೇರಿಗೆ ಮಣ್ಣು ಮುಚ್ಚಿ, ಅಂದಿನ ಬಚ್ಚಲ ನೀರನ್ನೂ ಅಲ್ಲಿಗೇ ಹೊಯ್ದಳು, ಬೈದುಕೊಂಡೇ.

ಎರಡು ವರ್ಷದ ಮೇಲೆ ಅವಳು ಜ್ವರ ಬಂದು ಮಲಗಿದಳು. ಗಂಜಿಯೂ ಗಂಟಲಿಳಿಯದಾಯಿತು. ಶಿವರತ್ನಮ್ಮ ಎಳನೀರು ಕೆತ್ತಿಕೊಂಡು ಬಂದಳು. ಚನ್ನಮಲ್ಲಮ್ಮ ಗೋಡೆ ಕಡೆ ಮುಖ ತಿರುಗಿಸಿದಳು.

“ಕುಡಿಯಕ್ಕ. ನಿನ್ ನೀರೇ ಕಣಕ್ಕ ಇದು. ಬೇರು ಎತ್ತಗೆ ಓಗ್ಯದೆ ಅಂತ ನಂಗೊತ್ತಿಲ್ವಾ?”

ಚನ್ನಮಲ್ಲಮ್ಮ ಒಂದೇ ಉಸಿರಿಗೆ ಕುಡಿದಳು. ಬಾಯಿ ಒರೆಸಿಕೊಂಡು, “ಸಪ್ಪಗದೆ,” ಎಂದಳು.

ಮಾರನೆಯ ದಿನ ಆಸ್ಪತ್ರೆಗೆಂದು ಗಾಡಿ ಕಟ್ಟಿದರು. ಹೊಸ್ತಿಲಲ್ಲಿ ವಾರಗಿತ್ತಿಯ ಹೆಗಲಿಗೆ ಭಾರ ಬಿಟ್ಟು ನಿಂತು, “ಬಚ್ಚಲ್ ನೀರ ಬೀದಿಗ್ ಬುಡಬ್ಯಾಡ ಕಣಮ್ಮಿ,” ಎಂದಳು. “ಗುಂಡಿಗೇ ಉಯ್ಯಿ. ನನ್ ಮರ ಅದು.”

ಆ ಹೊಸ್ತಿಲನ್ನು ಮತ್ತೆ ತುಳಿಯುವ ಯೋಗ ಅವಳಿಗಿರಲಿಲ್ಲ. ಗಾಡಿ ಬೀದಿಯ ತಿರುವು ದಾಟುವವರೆಗೂ ಅವಳು ಕತ್ತೆತ್ತಿ, ಈ ಸಲ ಎಷ್ಟು ಗೊನೆ ಬಿಟ್ಟಿದೆಯೆಂದು ನೋಡುತ್ತಲೇ ಇದ್ದಳು.