ಕೊಂಡಿ ಹಾಕಿದ ಪ್ಯಾಕಿಂಗು

ನಮ್ಮ ಯಜಮಾನರು ಶಹಾಪುರದ ಒಬ್ಬ ಜಾಗೀರುದಾರರಲ್ಲಿ ಡ್ರೈವರಾಗಿದ್ದರು. ಜಾಗೀರುದಾರರು ಕಾರು ಹತ್ತುವಾಗ ಇವರು ತಲೆ ತಗ್ಗಿಸಿ ನಿಲ್ಲಬೇಕು, ಇಳಿದ ಮೇಲೂ ಹಾಗೆಯೇ ನಿಲ್ಲಬೇಕು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಿಜಾಮರ ರಾಜ್ಯ ಹೋಗಿ, ಜಾಗೀರುಗಳೂ ಸರಕಾರಕ್ಕೆ ಸೇರಿದಾಗ ಆ ಮನೆಯವರು ಹೈದರಾಬಾದಿಗೆ ಹೊರಟರು. ಹೋಗುವಾಗ ಹಳೆಯ ಕಾರನ್ನು ಇವರಿಗೇ ಬಿಟ್ಟುಕೊಟ್ಟರು. ಊರಿಗೆ ಸ್ವಾತಂತ್ರ್ಯ ಬಂದದ್ದು ಎಂದೋ, ನಮ್ಮ ಮನೆಗೆ ಬಂದದ್ದು ಅವತ್ತು.

ಸುರಪುರದಿಂದ ಶಹಾಪುರ ಹಾಯ್ದು ಯಾದಗಿರಿ ಸ್ಟೇಶನ್ನಿಗೆ ಬಾಡಿಗೆ ಓಡಿಸತೊಡಗಿದರು. ಆದರೆ ಗಾಡಿಗೊಂದು ರೋಗವಿತ್ತು. ಎಂಜಿನ್ನಿನ ನೆತ್ತಿಯ ಮೇಲೆ ವಾಲ್ವುಗಳನ್ನು ಮುಚ್ಚುವ ಉದ್ದನೆಯ ತಗಡಿನ ಮುಚ್ಚಳವಿರುತ್ತದೆ. ಅದರ ಅಂಚಿನಡಿ ಕೂಡಿಸಿದ ಕಾರ್ಕಿನ ಪ್ಯಾಕಿಂಗು ಒಣಗಿ ಹಪ್ಪಳದಂತೆ ಮುರಿದಿತ್ತು. ಆ ಸಂದಿಯಿಂದ ಎಣ್ಣೆ ಜಿನುಗಿ, ಕಾದ ಹೊಗೆಕೊಳವೆಯ ಮೇಲೆ ಬಿದ್ದು, ಸುಟ್ಟ ಹೊಗೆಯೆಲ್ಲ ಒಳಗೆ ಬರುತ್ತಿತ್ತು. ಕೂತವರು ಕೆಮ್ಮುತ್ತ ಇಳಿಯುವರು. "ರೈಲು ಬಂತೇನು, ನಿಮ್ಮ ಗಾಡಿ ಬಂತೇನು?" ಎಂದು ಯಾದಗಿರಿಯ ಜನ ಕಾಡುವರು. ಆ ಮಾಡೆಲ್ಲಿನ ಪ್ಯಾಕಿಂಗು ಈಗ ಸಿಗುವುದಿಲ್ಲವೆಂದು ಹೈದರಾಬಾದಿನಿಂದ ಉತ್ತರ ಬಂತು. ಇವರಿಗೆ ಗೊತ್ತಿದ್ದದ್ದು ಒಂದೇ ಚಿಕಿತ್ಸೆ: ಸೋರಿದಷ್ಟೂ ಪಾನಾ ಹಿಡಿದು ಬೋಲ್ಟು ಬಿಗಿಯುವುದು. ಬಿಗಿದಷ್ಟೂ ಅದು ಸೋರುತ್ತಿತ್ತು. ಸಿಟ್ಟು ನಮ್ಮಿಬ್ಬರಿಗೂ ಇತ್ತು. ನನ್ನದು ಬಾಯಲ್ಲಿ ಹೋಗುತ್ತಿತ್ತು, ಇವರದು ಕೈಯಲ್ಲಿ.

ಗಿರಾಕಿಗಳು ಒಬ್ಬೊಬ್ಬರಾಗಿ ಬಸ್ಸಿಗೆ ತಿರುಗಿದರು. ಆಗ ಯಾದಗಿರಿಯ ಒಬ್ಬ ಹತ್ತಿ ಸಾಹುಕಾರರು ಮಾತು ಕಳಿಸಿದರು. ಗಾಡಿಯನ್ನು ತಮಗೆ ಮಾರಬೇಕು, ಇವರು ಅದಕ್ಕೇ ಡ್ರೈವರಾಗಿ ತಮ್ಮಲ್ಲಿ ಇರಬೇಕು. ನಮ್ಮದೇ ಗಾಡಿಯ ಪಕ್ಕ ಮತ್ತೆ ತಲೆ ತಗ್ಗಿಸಿ ನಿಲ್ಲುವುದು! ಇವರು ಸೋತು ಹೂಂ ಅಂದುಬಿಟ್ಟಿದ್ದರು. ಸೋಮವಾರ ಸಾಹುಕಾರರು ಗಾಡಿ ನೋಡಲು ಬರುವವರಿದ್ದರು. ನಾನು ಸಿಟ್ಟಿಗೇ ಅತ್ತೆ.

ನನ್ನ ಕಾಟ ತಾಳದೆ ಇವರು ಯಾದಗಿರಿಯ ಹತ್ತಿ ಗಿರಣಿಗೆ ಹೋಗಿ, ಅಲ್ಲಿ ಉಳಿದಿದ್ದ ಒಂದು ಕಾರ್ಕಿನ ಹಾಳೆ ಕೇಳಿ ತಂದರು. ಮುಚ್ಚಳದ ಪಕ್ಕ ಇಟ್ಟು ನೋಡಿದರೆ ಹಾಳೆ ಒಂದು ಗೇಣು ಗಿಡ್ಡ. ಅದನ್ನು ಮೂಲೆಗೆ ಎಸೆದು ಕಟ್ಟೆಯ ಮೇಲೆ ಕೂತರು.

ನಾನು ಎತ್ತಿಕೊಂಡೆ. ಓಣಿಯ ಹೆಂಗಸರ ಕುಬಸ ಹೊಲಿಯುವವಳು ನಾನು. ಬಟ್ಟೆ ಸಾಲದಿರುವುದು ನಮ್ಮ ಕೆಲಸದಲ್ಲಿ ದಿನದ ಗೋಳು. ಸಾಲಲಿಲ್ಲವೆಂದು ಯಾರ ಖಣವನ್ನೂ ನಾನು ಎಸೆದಿಲ್ಲ.

"ಇದನ್ನ ಪಟ್ಟಿ ಪಟ್ಟಿ ಕತ್ತರಿಸಿ ಜೋಡಿಸ್ತೀನ್ರಿ," ಅಂದೆ.

"ಹುಚ್ಚಿ, ಜೋಡಿಸಿದಲ್ಲೆಲ್ಲ ಸೋರ್ತದ. ಪ್ಯಾಕಿಂಗ್ ಅಂದ್ರ ಇಡೀದಿರಬೇಕು."

ನಾನು ಉಟ್ಟಿದ್ದ ಇಳಕಲ್ ಸೀರೆಯ ಸೆರಗನ್ನು ಇವರ ಮುಖದ ಮುಂದೆ ಹಿಡಿದೆ. ಆ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ.

"ಎಲ್ಲಿ, ಜಗ್ಗಿ ನೋಡ್ರಿ. ಯಾರ ಸೆರಗರ ಕಿತ್ತು ಬಂದದ್ದು ನೋಡೀರೇನು?"

ಇವರು ಜಗ್ಗಲಿಲ್ಲ. ಸೆರಗು ನೋಡಿದರು, ನನ್ನನ್ನು ನೋಡಿದರು. "ಕತ್ತರಿ ತಗೊಂಬಾ," ಅಂದರು.

ಮುಚ್ಚಳದ ಅಂಚಿಗೆ ಮಸಿ ಬಳಿದು ಕಾಗದದ ಮೇಲೆ ಒತ್ತಿದೆ. ಬೋಲ್ಟಿನ ತೂತುಗಳ ಸಮೇತ ಅಚ್ಚು ಮೂಡಿತು. ಆ ಅಳತೆಗೆ ಪಟ್ಟಿ ಕತ್ತರಿಸಿದೆ. ಒಂದು ಪಟ್ಟಿಯ ತುದಿಗೆ ನಾಲಗೆ, ಇನ್ನೊಂದರ ತುದಿಗೆ ಅದು ಕೂಡುವ ಗೂಡು. ನಾಲಗೆಯ ತುದಿ ಅಗಲ, ಬುಡ ಸಣ್ಣ, ಹೀಗಾಗಿ ಒಮ್ಮೆ ಕೂತರೆ ಜಗ್ಗಿದರೂ ಬರುವುದಿಲ್ಲ. ಮೊದಲ ಕೊಂಡಿ ಕೈಯಲ್ಲೇ ಪುಡಿಯಾಯಿತು. ಕಾರ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಕತ್ತರಿಸಿದಾಗ ಸರಿಹೋಯಿತು. ನನ್ನ ಒಳ್ಳೆಯ ಕತ್ತರಿ ಮಾತ್ರ ಹಾಳಾಯಿತು.

ಅತ್ತ ಇವರು ಮುಚ್ಚಳವನ್ನು ಪಡಸಾಲೆಯ ಫರಸಿಯ ಮೇಲೆ ಬೋರಲಿಟ್ಟು ಬಗ್ಗಿ ನೋಡಿದರು. ಬೋಲ್ಟಿನ ತೂತಿದ್ದಲ್ಲಿ ಮಾತ್ರ ಅಂಚು ಕಲ್ಲಿಗೆ ತಾಗಿತ್ತು, ಉಳಿದ ಕಡೆಯೆಲ್ಲ ಕೆಳಗಿಂದ ಬೆಳಕು ಕಾಣುತ್ತಿತ್ತು. ಬಿಗಿದು ಬಿಗಿದು ಡೊಂಕು ಮಾಡಿದವರು ತಾವೇ ಎಂದು ಇವರಿಗೆ ತಿಳಿಯಿತು. ಇವರು ಹೇಳಲಿಲ್ಲ, ನಾನೂ ಕೆಣಕಲಿಲ್ಲ. ನಾನು ಹಾಗೆ ಬಾಯಿ ಮುಚ್ಚಿಕೊಂಡಿದ್ದು ಅಪರೂಪ. ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಅಂಚನ್ನು ಸಪಾಟು ಮಾಡಿದರು. ಕಾರ್ಕು ಆರಿದ ಮೇಲೆ, ಬಡಿಗರು ಪಾಲಿಶಿಗೆ ಹಾಕುವ ಅರಗು ಬಳಿದು ಮುಚ್ಚಳಕ್ಕೆ ಅಂಟಿಸಿದೆವು. ಬೋಲ್ಟು ತಿರುಗಿಸುವಾಗ ಇವರ ತೋಳು ಮತ್ತೆ ಉಬ್ಬತೊಡಗಿತು.

"ಸಾಕ್ರಿ! ಹಿಂಡಿದ್ರ ಹರೀತದ."

ಪಾನಾ ಕೆಳಗಿಟ್ಟರು.

ಸೋಮವಾರ ಸಾಹುಕಾರರು ಶಹಾಪುರದ ನಮ್ಮ ಮನೆಗೆ ಕರವಸ್ತ್ರ ಕೈಯಲ್ಲಿ ಹಿಡಿದೇ ಬಂದರು. "ಸುರಪುರದಾಗ ಕೆಲಸ ಅದ. ಅಲ್ಲೀತನಾ ಓಡಿಸಿ ತೋರ್ಸು," ಎಂದು ಹಿಂದೆ ಕೂತರು. ನಾನು ಮುಂದಿನ ಸೀಟು ಹತ್ತಿದೆ.

"ನೀ ಎಲ್ಲಿಗಿ?" ಇವರು ಗಾಬರಿಯಾದರು.

"ನಾ ಹೊಂದಿಸಿದ್ದು ನಾ ನೋಡಬಾರ್ದೇನ್ರಿ?"

ಸುರಪುರದ ಏರಿನಲ್ಲಿ ಎಂಜಿನ್ನು ಕಾದು ಬಿಸಿಯಾಗುತ್ತದೆ, ಹೊಗೆ ಏಳುವುದೇ ಅಲ್ಲಿ. ಗಾಡಿ ಏರಿತು. ಒಳಗೆ ಬಂದದ್ದು ಧೂಳು, ಬಿಸಿಲು, ಕಡಲೆ ಹೊಲದ ಹುಳಿ ವಾಸನೆ. ಹೊಗೆ ಹೆಸರಿಗೂ ಇರಲಿಲ್ಲ. ಮೇಲೆ ನಿಲ್ಲಿಸಿ ಇವರು ಬಾನೆಟ್ಟು ಎತ್ತಿದರು. ನಾನು ಬೆರಳನ್ನು ಅಂಚಿನುದ್ದಕ್ಕೂ ಎಳೆದೆ. ಬೆರಳು ಚುರ್ ಎಂದಿತು, ಎಣ್ಣೆಯ ಪಸೆ ಅಂಟಲಿಲ್ಲ. ನಡುಬೀದಿ ಎಂಬುದನ್ನೂ ಮರೆತು ಕುಣಿಯಬೇಕೆನಿಸಿತು.

"ಭೇಷ್! ಗಾಡಿ ನಂದೇ ಅಂತ ತಿಳಿ," ಅಂದರು ಸಾಹುಕಾರರು. "ನಾಳಿಂದ ಕೆಲಸಕ್ಕ ಬಾ."

ಇವರು ನಿಧಾನವಾಗಿ ಕೈ ಒರೆಸಿಕೊಂಡರು. "ಗಾಡಿ ಮಾರಾಟಕ್ಕಿಲ್ರಿ, ಸಾವ್ಕಾರ್ರ. ಬಾಡಿಗಿಗಿ ಅದರಿ. ತಿರುಗಿ ಬರೂದಿದ್ರ ಈಗ ಹೇಳ್ರಿ, ಇಲ್ಲಾಂದ್ರ ಬ್ಯಾರೆಯವರನ್ನ ಕೂಡಿಸ್ಕೋತೀನಿ."

ಸಾಹುಕಾರರು ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಬರ್ತೀನಿ, ನಿಲ್ರಿ," ಎಂದು ಪೇಟೆಯ ಕಡೆ ನಡೆದರು. ನಾವು ಎದುರಿನ ಹೋಟೆಲಿನಲ್ಲಿ ಚಹಾ ತರಿಸಿದೆವು. ಕೆಲಸ ಮುಗಿಸಿ ಅವರು ಬಂದಾಗ ನಾವಿನ್ನೂ ಕುಡಿಯುತ್ತಿದ್ದೆವು. ಇವರು ಏಳಲಿಲ್ಲ. ಬಸಿಯಲ್ಲಿದ್ದ ಚಹಾ ಮುಗಿಯುವ ತನಕ ಸಾಹುಕಾರರು ಗಾಡಿಯ ಪಕ್ಕ ನಿಂತು ಕಾದರು.