ಸಾಗವಾನಿ ಹಿಡಿಕೆಯ ಪಿಸ್ತೂಲು

ಬ್ಯಾಡಗಿಯಲ್ಲಿ ನಮ್ಮ ನೆರೆಮನೆಯ ಮೆಣಸಿನಕಾಯಿ ದಲಾಲರು ಲೈಸೆನ್ಸ್ ಮಾಡಿಸಿ, ಮೊಲ ಹೊಡೆಯಲೆಂದು ಸಣ್ಣ ಗುಂಡಿನ ಇಪ್ಪತ್ತೆರಡು ಬೋರಿನ ಪಿಸ್ತೂಲು ಕೊಂಡಿದ್ದರು. “ದೊಡ್ಡ ಗುಂಡು ಬಿದ್ರ ಮೊಲದಾಗ ಮಾಂಸಾನ ಉಳಿಯೂದಿಲ್ರಿ” ಎನ್ನುತ್ತಿದ್ದರು. ಬಡಿಗೇರನಿಂದ ಸಾಗವಾನಿ ಹಿಡಿಕೆ ಹಾಕಿಸಿದರು, ಗುರಿ ನೋಡುವ ಮುಳ್ಳನ್ನೂ ಬದಲಿಸಿದರು. ಮೆಣಸಿನಕಾಯಿಯ ಬಣ್ಣ ನೋಡುವಂತೆ ಅದನ್ನು ಬೆಳಕಿಗೆ ಹಿಡಿದು, “ಇನ್ನೊಂದೀಟ ಸರಿ ಆಗಬೇಕ್ರಿ” ಎನ್ನುವರು.

ಒಂದು ಸಂಜೆ ಮೋಟೆಬೆನ್ನೂರಿನ ಹೊಲಕ್ಕೆ ನನ್ನನ್ನೂ ಕರೆದೊಯ್ದರು. ಎದುರಿಗೇ ಮೊಲವೊಂದು ಕಿವಿ ನಿಮಿರಿಸಿ ಕೂತಿತ್ತು. ಪಿಸ್ತೂಲು ಎತ್ತಿದವರು ಬಹಳ ಹೊತ್ತಿನ ಮೇಲೆ ಇಳಿಸಿದರು.

“ಹಿಡಿಕಿ ಇನ್ನೊಂದೀಟ ಸರಿ ಆಗಬೇಕ್ರಿ.”

ಆ ಹಿಡಿಕೆಗೆ ಏನಾಗಿತ್ತೋ, ನನಗೆ ಇಂದಿಗೂ ತಿಳಿಯದು.

ಮನೆಗೆ ಬಂದಾಗ ಅವರ ಹೆಂಡತಿ, “ಕೈ ತೊಳಕೊಂಡು ಕುಂದರ್ರಿ” ಎಂದರಷ್ಟೇ. ಮೊಲಕ್ಕೆಂದು ಅರೆದ ಮಸಾಲೆಯಲ್ಲಿ ಬದನೆಕಾಯಿ ಆಗಲೇ ಬೆಂದಿತ್ತು.