ತುಂಡಿಗೊಂದು ಕಥೆ

ಗುರುವಾಯನಕೆರೆಯ ಡ್ರಾಯಿಂಗ್ ಟೀಚರ್ ವಾಗ್ದೇವಿ ಬರುವುದು ಕಂಡರೆ ಹೆಂಗಸರು ಒಣಹಾಕಿದ ಸೀರೆಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಹರಿದ ಸೆರಗು, ಬೀಡಿಯ ಲೇಬಲ್, ಮದುವೆ ಕಾಗದ, ಎಲ್ಲವೂ ಅವರ ಚೀಲಕ್ಕೆ ಬೇಕು. "ಬಿಸಾಡಬೇಡ ಮಾರಾಯ್ತಿ, ಅದರಲ್ಲಿ ಕಥೆ ಉಂಟು. ಹೇಳು!" ಎನ್ನುವರು. ಕೇಳಿ ಮುಗಿದ ಮೇಲೆ ಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈಯೊಡ್ಡಿ ತುಂಡನ್ನು ಪಡೆಯುವರು. ಭಾನುವಾರ ನಾರಾವಿಯಲ್ಲಿ ಬೀಡಿ ಕಟ್ಟುವವರನ್ನು ಕೂರಿಸಿಕೊಂಡು, ಕುಚ್ಚಲಕ್ಕಿ ಗಂಜಿಯನ್ನೇ ಅಂಟು ಮಾಡಿ, ಆ ತುಂಡುಗಳನ್ನು ರಟ್ಟಿಗೆ ಅಂಟಿಸಿ ಚಿತ್ರ ಮಾಡಲು ಕಲಿಸುತ್ತಿದ್ದರು. ಚಿತ್ರದ ಕೆಳಗೆ ಕಥೆ ಕೊಟ್ಟವಳ ಹೆಸರು. ತಮ್ಮ ತಾಯಿಯ ಚಿತ್ರವೊಂದನ್ನು ಮಾತ್ರ ಅವರು ಮಾಡಿರಲಿಲ್ಲ. ಇವರಿಗೆ ಎಂಟು ವರ್ಷವಿದ್ದಾಗ ತಾಯಿ ತೀರಿಕೊಂಡು, ಸೀರೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟು ಮುಗಿದಿತ್ತು. ಒಂದು ಭಾನುವಾರ ಬೀಡಿ ಕಟ್ಟುವ ಅಮ್ಮಣಿ ಮಾಸಿದ ಹಸಿರು ಬಟ್ಟೆಯ ತುಂಡನ್ನು ಮುಂದಿಟ್ಟಳು. "ನಿಮ್ಮ ಅಮ್ಮನ ಸೀರೆ ಟೀಚರ್. ಆಗ ನನ್ನ ಅಮ್ಮನಿಗೆ ಸಿಕ್ಕಿದ್ದು. ನಾನು ಮಲಗಿದ ತೊಟ್ಟಿಲು ಇದರದ್ದೇ." ಟೀಚರ್ ಎರಡೂ ಕೈಯೊಡ್ಡಿದರು. ಅಮ್ಮಣಿ ಬೀಡಿಯ ಗೆರಸೆಯನ್ನು ಬದಿಗಿಟ್ಟು ಹೇಳಿದಳು: "ಇವತ್ತು ಕಥೆ ನೀವು ಹೇಳಿ." ಟೀಚರ್ ಹೇಳುತ್ತ ಹೋದಂತೆ ಅಂದು ಬಟ್ಟಲಿನ ಗಂಜಿ ಒಣಗಿಯೇ ಹೋಯಿತು.